20 ಬೈಟಿನ ಬ್ಯಾಕಪ್: ಒಂದು ವಾರಾಂತ್ಯದ ರಿಪೇರಿ ಲಾಗ್

11 ರಾತ್ರಿ, 11 ಬ್ಯಾಕಪ್ ಫೈಲ್. ಹೆಸರು ಸರಿ, ತಾರೀಕು ಸರಿ, ಹೊತ್ತೂ ಸರಿ. ಗಾತ್ರ ಮಾತ್ರ ಒಂದೊಂದರದ್ದೂ 20 ಬೈಟ್.

ಹೊಸ ಲಿನಕ್ಸ್ ಮಷಿನ್‌ಗೆ ಬಂದು ಅಷ್ಟೇ ದಿನ ಆಗಿತ್ತು. ಹಳೆಯದರ ಹೋಮ್ ಫೋಲ್ಡರ್‌ನಲ್ಲಿದ್ದ ಡಾಟ್‌ಫೈಲ್‌ಗಳನ್ನೆಲ್ಲ, ಅಂದರೆ ಹೆಸರಿನ ಮೊದಲಿಗೆ ಚುಕ್ಕಿ ಇರುವ ಸೆಟ್ಟಿಂಗ್ ಫೈಲ್‌ಗಳನ್ನೆಲ್ಲ, ಒಂದೇ ಮೂಟೆ ಕಟ್ಟಿ ತಂದು ಇಲ್ಲಿ ಸುರಿದಿದ್ದೆ. ಟರ್ಮಿನಲ್ ತೆರೆಯಿತು, ಬಣ್ಣ ಬಂತು, ಅಲಿಯಾಸ್‌ಗಳು, ಅಂದರೆ ಉದ್ದ ಕಮಾಂಡ್‌ಗಳಿಗೆ ನಾನಿಟ್ಟ ಗಿಡ್ಡ ಹೆಸರುಗಳು, ಓಡಿದವು. ಮುಗೀತು ಅಂದುಕೊಂಡೆ. ಆಮೇಲೆ ಒಂದೊಂದೇ ಹುಳುಕು ಹೊರಬಂತು. ಟರ್ಮಿನಲ್ ತೆರೆಯಲು ಸುಮಾರು ಮೂರು ಸೆಕೆಂಡ್. ಕೆಲಸದ ಕಮಿಟ್‌ಗಳಲ್ಲಿ, ಅಂದರೆ ಗಿಟ್ ದಾಖಲಿಸಿಡುವ ಕೋಡ್ ಬದಲಾವಣೆಗಳಲ್ಲಿ, ನನ್ನ ಖಾಸಗಿ ಇಮೇಲ್. ಕೊನೆಗೆ ಈ ಬ್ಯಾಕಪ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವಲ್ಲ, ಹಾಗಾಗಿ ಇದನ್ನೂ ನೆನಪಿಡಿ: ಪಾತ್, ಹೋಮ್, ಹಿಸ್ಟ್‌ಫೈಲ್, ಪಿಎಸ್4 ಥರದ ಎನ್ವಿರಾನ್ಮೆಂಟ್ ವೇರಿಯಬಲ್‌ಗಳೆಲ್ಲ ದೊಡ್ಡಕ್ಷರದವು.

ಶನಿವಾರ ಬೆಳಗ್ಗೆ: 20 ಯಾಕೆ?

19 ಅಲ್ಲ, 21 ಅಲ್ಲ, ಪ್ರತಿ ರಾತ್ರಿಯೂ 20. ಅದೇ ಸುಳಿವು. ಸುಮ್ನೆ ಒಂದು ಪ್ರಯೋಗ ಮಾಡಿದೆ: ಏನೂ ಇಲ್ಲದ ಇನ್‌ಪುಟ್ ಅನ್ನು ಫೈಲ್ ಕುಗ್ಗಿಸುವ ಜೀಜಿಪ್‌ಗೆ ಕೊಟ್ಟು, ಬಂದ ಬೈಟ್ ಎಣಿಸಿದೆ.

    ಜೀಜಿಪ್ < /ಡೆವ್/ನಲ್ | ಡಬ್ಲ್ಯೂಸಿ -ಸಿ

ಉತ್ತರ 20. ಜೀಜಿಪ್ ಫೈಲ್‌ಗೆ 10 ಬೈಟಿನ ತಲೆ ಇರುತ್ತದೆ. ಖಾಲಿ ಮಾಹಿತಿಯನ್ನು ಕುಗ್ಗಿಸಿದರೆ 2 ಬೈಟ್. ಬಾಲದಲ್ಲಿ 4 ಬೈಟಿನ ಚೆಕ್‌ಸಮ್, 4 ಬೈಟಿನ ಗಾತ್ರ. ಕೂಡಿದರೆ 20. ಅಂದರೆ 11 ರಾತ್ರಿಯೂ ನಾನು ಗಾಳಿಯನ್ನು ಪೊಟ್ಟಣ ಕಟ್ಟಿ ಜೋಪಾನವಾಗಿ ಇಟ್ಟಿದ್ದೆ. ಬೇಸರದ ಇನ್ನೊಂದು ವಿಷಯ ಏನೆಂದರೆ, ಜೀಜಿಪ್ -ಟಿ ಅಂತ ಪರೀಕ್ಷೆ ಮಾಡಿದರೆ ಈ ಫೈಲ್ ಪಾಸ್ ಆಗುತ್ತದೆ. ಅದರ ಪ್ರಕಾರ ಫೈಲ್‌ನಲ್ಲಿ ತಪ್ಪೇನಿಲ್ಲ. ಒಳಗೆ ಏನೂ ಇಲ್ಲ, ಅಷ್ಟೇ.

ಸ್ಕ್ರಿಪ್ಟ್‌ನ ಮುಖ್ಯ ಸಾಲು ಇದು:

    ಪಿಜಿ_ಡಂಪ್ ಲೆಕ್ಕ | ಜೀಜಿಪ್ > "$ಗುರಿ"

ಪೋಸ್ಟ್‌ಗ್ರೆಸ್‌ನಲ್ಲಿರುವ ಲೆಕ್ಕ ಅನ್ನುವ ಡೇಟಾಬೇಸ್ ಅನ್ನು ಹೊರಗೆ ಸುರಿದು ಕುಗ್ಗಿಸಿ ಇಡುವುದು. ಕೈಯಾರೆ ಓಡಿಸಿದರೆ 38 ಎಂಬಿ ಫೈಲ್ ಬರುತ್ತದೆ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ರಾತ್ರಿ ಓಡಿಸಿದರೆ 20 ಬೈಟ್. ಅದೇ ಸ್ಕ್ರಿಪ್ಟ್, ಅದೇ ಯೂಸರ್.

ಕ್ರಾನ್ ಯಾಕೆ ದೂರು ಹೇಳಲಿಲ್ಲ ಅಂತ ಲಾಗ್ ತೆರೆದೆ. ಜರ್ನಲ್‌ಸಿಟಿಎಲ್ -ಯು ಕ್ರಾನ್ ಕೊಟ್ಟರೆ ಪ್ರತಿ ರಾತ್ರಿ ಎರಡೂವರೆಗೆ ಒಂದೇ ಸಾಲು: «ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್». ಕ್ರಾನ್ ದೂರು ಹೇಳಿತ್ತು. ಅದು ತನ್ನ ಮಾತನ್ನು ಮೇಲ್‌ನಲ್ಲಿ ಹೇಳುತ್ತದೆ. ಹೊಸ ಮಷಿನ್‌ನಲ್ಲಿ ಮೇಲ್ ಕಳಿಸುವ ಪ್ರೋಗ್ರಾಂ ಇರಲಿಲ್ಲ, ಬರೆದ ಕಾಗದವನ್ನು ಅದೇ ಕಸಕ್ಕೆ ಹಾಕಿತ್ತು. ಮೊದಲು ಒಂದು ಪುಟ್ಟ ಲೋಕಲ್ ಮೇಲರ್ ಹಾಕಿದೆ. ಹೊರಗೆ ಎಲ್ಲೂ ಹೋಗಬೇಕಿಲ್ಲ, ಮಷಿನ್‌ನ ಒಳಗಿನ ಅಂಚೆಪೆಟ್ಟಿಗೆಗೆ ಬಿದ್ದರೆ ಸಾಕು.

ಆಮೇಲೆ ಕ್ರಾನ್ ಕಾಣುವ ಲೋಕ ಹೇಗಿದೆ ಅಂತ ನೋಡಿದೆ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಒಂದು ತಾತ್ಕಾಲಿಕ ಸಾಲು:

    * * * * * ಎನ್ವ್ > /ಟಿಎಂಪಿ/ಕ್ರಾನ್-ಲೋಕ

ಒಂದು ನಿಮಿಷ ಕಾದು ಫೈಲ್ ತೆರೆದರೆ ಬೆರಳೆಣಿಕೆಯ ಸಾಲುಗಳು. ಪಾತ್, ಅಂದರೆ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ, ಅಲ್ಲಿ /ಯುಎಸ್‌ಆರ್/ಬಿನ್ ಮತ್ತು /ಬಿನ್, ಎರಡೇ ಫೋಲ್ಡರ್. ಶೆಲ್, ಅಂದರೆ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಂ, ಅಲ್ಲಿ /ಬಿನ್/ಎಸ್‌ಎಚ್. ನಾನು ಬಳಸುವ ಶೆಲ್ ಬ್ಯಾಶ್, ಅದರ ಸೆಟ್ಟಿಂಗ್ ಫೈಲ್ ಬ್ಯಾಶ್‌ಆರ್‌ಸಿ. ಅದನ್ನು ಅಲ್ಲಿ ಯಾರೂ ಓದುವುದಿಲ್ಲ. ಬ್ಯಾಶ್‌ಆರ್‌ಸಿ ಇರುವುದು ನಾವು ಎದುರಿಗೆ ಕೂತು ಟೈಪ್ ಮಾಡುವ ಶೆಲ್‌ಗೆ. ಲಾಗಿನ್ ಶೆಲ್ ಆದರೆ ಬ್ಯಾಶ್_ಪ್ರೊಫೈಲ್, ಅದಿಲ್ಲದಿದ್ದರೆ ಬ್ಯಾಶ್_ಲಾಗಿನ್, ಅದೂ ಇಲ್ಲದಿದ್ದರೆ ಪ್ರೊಫೈಲ್. ಸ್ಕ್ರಿಪ್ಟ್ ಓಡುವಾಗ ಇವ್ಯಾವುದೂ ಇಲ್ಲ.

ಹಳೇ ಮಷಿನ್‌ನಲ್ಲಿ ಪಿಜಿ_ಡಂಪ್ ಇದ್ದದ್ದು /ಯುಎಸ್‌ಆರ್/ಬಿನ್‌ನಲ್ಲಿ. ಇಲ್ಲಿ ಬೇರೆ ಕಡೆ ಹಾಕಿದ್ದೆ, ಆ ಜಾಗವನ್ನು ಬ್ಯಾಶ್‌ಆರ್‌ಸಿಯಲ್ಲಿ ಪಾತ್‌ಗೆ ಸೇರಿಸಿದ್ದೆ. ಕ್ರಾನ್‌ಗೆ ಪಿಜಿ_ಡಂಪ್ ಸಿಗಲೇ ಇಲ್ಲ. ಪೈಪ್‌ನ, ಅಂದರೆ | ಚಿಹ್ನೆಯ, ಎಡಗಡೆ ಬಿದ್ದುಹೋಯಿತು, ಬಲಗಡೆ ಜೀಜಿಪ್ ಖಾಲಿ ಇನ್‌ಪುಟ್ ತಿಂದು ತೃಪ್ತಿಯಿಂದ ಸೊನ್ನೆ ಎಕ್ಸಿಟ್ ಕೋಡ್, ಅಂದರೆ «ತಪ್ಪಿಲ್ಲ» ಅನ್ನುವ ಉತ್ತರ, ಕೊಟ್ಟಿತು. ಪೈಪ್‌ಲೈನ್‌ನ ಫಲಿತಾಂಶ ಎಂದರೆ ಕೊನೆಯ ಕಮಾಂಡ್‌ನ ಫಲಿತಾಂಶ, ಹಾಗಾಗಿ ಇಡೀ ಸಾಲು «ಯಶಸ್ವಿ».

ಈ ಸ್ಥಿತಿಯನ್ನು ಹಗಲಲ್ಲೇ ಮರುಸೃಷ್ಟಿ ಮಾಡಲು ಒಂದು ಸಾಲು ಸಾಕು. ಇದನ್ನು ನಾನು ಈಗ ಅಲಿಯಾಸ್ ಮಾಡಿಕೊಂಡಿದ್ದೇನೆ:

    ಎನ್ವ್ -ಐ ಹೋಮ್="$ಹೋಮ್" ಪಾತ್=/ಯುಎಸ್‌ಆರ್/ಬಿನ್:/ಬಿನ್ /ಬಿನ್/ಎಸ್‌ಎಚ್ -ಸಿ '...'

ಎನ್ವ್ -ಐ ಇಡೀ ಎನ್ವಿರಾನ್ಮೆಂಟ್ ಅನ್ನು ತೊಳೆದು ಹಾಕುತ್ತದೆ. ಆಮೇಲೆ ನಾವು ಕೊಟ್ಟಷ್ಟೇ ಉಳಿಯುವುದು. ಚುಕ್ಕಿಗಳ ಜಾಗದಲ್ಲಿ ಸ್ಕ್ರಿಪ್ಟ್‌ನ ಹೆಸರು. ರಾತ್ರಿ ಎರಡೂವರೆಗೆ ಆಗುವ ತಪ್ಪು ಬೆಳಗ್ಗೆ ಹತ್ತಕ್ಕೇ ಕಣ್ಣೆದುರು ಆಗುತ್ತದೆ.

ಶನಿವಾರ ಮಧ್ಯಾಹ್ನ: ಒಂದು ಸರಿಮಾಡಿದರೆ ಇನ್ನೊಂದು

ಸ್ಕ್ರಿಪ್ಟ್‌ನ ಮೇಲ್ಗಡೆ ಎರಡು ಸಾಲು ಸೇರಿಸಿದೆ: ಸರಿಯಾದ ಪಾತ್, ಮತ್ತು ಸೆಟ್ -ಇಯುಒ ಪೈಪ್‌ಫೇಲ್. ಇ ಅಂದರೆ ತಪ್ಪಾದ ಕೂಡಲೇ ನಿಲ್ಲು. ಯು ಅಂದರೆ ಬೆಲೆ ಇಡದ ವೇರಿಯಬಲ್ ಬಳಸಿದರೆ ನಿಲ್ಲು. ಪೈಪ್‌ಫೇಲ್ ಅಂದರೆ ಪೈಪ್‌ನ ಯಾವ ತುಂಡು ಬಿದ್ದರೂ ಇಡೀ ಸಾಲು ಬಿದ್ದಂತೆ. ನಮಗೆ ಬೇಕಾಗಿದ್ದದ್ದು ಮೂರನೆಯದು.

ಓಡಿಸಿದೆ. «ಸೆಟ್: ಇಲ್ಲೀಗಲ್ ಆಪ್ಷನ್ -ಒ ಪೈಪ್‌ಫೇಲ್».

ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಅಂತ ಇದೆಯಲ್ಲ? ಇದೆ. ಆದರೆ ಕ್ರಾನ್‌ಟ್ಯಾಬ್‌ನಲ್ಲಿ ನಾನೇ ಯಾವತ್ತೋ «ಎಸ್‌ಎಚ್ ಬ್ಯಾಕಪ್.ಎಸ್‌ಎಚ್» ಅಂತ ಬರೆದಿದ್ದೆ. ಹಾಗೆ ಕರೆದರೆ ಮೊದಲ ಸಾಲು ಬರೀ ಕಾಮೆಂಟ್. ಎಸ್‌ಎಚ್ ಅನ್ನುವುದು ಡೆಬಿಯನ್, ಉಬುಂಟುಗಳಲ್ಲಿ ಬ್ಯಾಶ್ ಅಲ್ಲ, ಡ್ಯಾಶ್. ಉಬುಂಟು 2006ರಲ್ಲೇ ಬದಲಾಯಿಸಿತು. ಡ್ಯಾಶ್ ಚಿಕ್ಕದು, ಬೇಗ ಓಡುತ್ತದೆ, ಆದರೆ ಬ್ಯಾಶ್‌ನ ಎಷ್ಟೋ ಅನುಕೂಲಗಳು ಅದಕ್ಕೆ ಗೊತ್ತಿಲ್ಲ. ಎರಡು ಚೌಕ ಬ್ರಾಕೆಟ್‌ನ [[ ]] ಪರೀಕ್ಷೆ ಕೂಡ ಗೊತ್ತಿಲ್ಲ. ಕ್ರಾನ್‌ಟ್ಯಾಬ್‌ನಿಂದ ಎಸ್‌ಎಚ್ ತೆಗೆದು, ಫೈಲ್‌ಗೆ ಓಡುವ ಅನುಮತಿ ಕೊಟ್ಟು, ನೇರವಾಗಿ ಹೆಸರು ಹಿಡಿದು ಕರೆದೆ.

ಈಗ ಹೊಸ ದೂರು: «/ಯುಎಸ್‌ಆರ್/ಬಿನ್/ಎನ್ವ್: 'ಬ್ಯಾಶ್\ಆರ್': ನೋ ಸಚ್ ಫೈಲ್ ಆರ್ ಡೈರೆಕ್ಟರಿ».

ಬ್ಯಾಶ್ ಪಕ್ಕದಲ್ಲಿ ಆ ಬಾಲ ಕಂಡಿತಲ್ವಾ? ವಿಂಡೋಸ್ ಸಾಲಿನ ಕೊನೆಗೆ ಎರಡು ಅಕ್ಷರ ಇಡುತ್ತದೆ, 13 ಮತ್ತು 10. ಲಿನಕ್ಸ್ ಬರೀ 10 ಇಡುತ್ತದೆ. ಆ 13 ಇಲ್ಲಿ ಬ್ಯಾಶ್‌ನ ಹೆಸರಿಗೇ ಅಂಟಿಕೊಂಡಿತ್ತು. ಅರ್ಧ ಗಂಟೆ ಮೊದಲು ಸ್ಕ್ರಿಪ್ಟ್ ಅನ್ನು ಪಕ್ಕದ ವಿಂಡೋಸ್ ಕಂಪ್ಯೂಟರ್‌ನಲ್ಲಿ ತಿದ್ದಿ ಗಿಟ್ ಮೂಲಕ ಇಲ್ಲಿಗೆ ತಂದಿದ್ದೆ. ಸೋಮಾರಿತನದ ದಂಡ. ಕಣ್ಣಿಗೆ ಕಾಣದ ಇಂಥ ಅಕ್ಷರಗಳನ್ನು ನೋಡಲು ಕ್ಯಾಟ್ -ಎ ಇದೆ, ಇಲ್ಲಿ ಎ ದೊಡ್ಡಕ್ಷರ. ಸಾಲಿನ ಕೊನೆಗೆ ಬರೀ $ ಇದ್ದರೆ ಸರಿ, ^ಎಂ$ ಇದ್ದರೆ ವಿಂಡೋಸ್ ಬಾಲ.

ಆ ಒಂದು ಫೈಲ್ ಸರಿಮಾಡುವುದು ಸುಲಭ:

    ಸೆಡ್ -ಐ 'ಎಸ್/\ಆರ್$//' ಬ್ಯಾಕಪ್.ಎಸ್‌ಎಚ್

ಇನ್ನೊಮ್ಮೆ ಆಗಬಾರದು ಅಂದರೆ ಗಿಟ್‌ಗೆ ಹೇಳಬೇಕು. ಪ್ರತಿಯೊಬ್ಬರ ಮಷಿನ್‌ನಲ್ಲೂ ಸಾಲಿನ ಬಾಲ ಬದಲಾಯಿಸುವ ಕೋರ್.ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ಸರಿ ಇದೆಯಾ ಅಂತ ವಿಚಾರಿಸುತ್ತಾ ಕೂರುವುದಕ್ಕಿಂತ ಕೋಡ್ ಇರುವ ರೆಪೊಸಿಟರಿ ಒಳಗೇ .ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಇಡುವುದು ವಾಸಿ. ಅದು ಕೋಡ್ ಜೊತೆಗೇ ಊರೂರು ತಿರುಗುತ್ತದೆ:

    * ಟೆಕ್ಸ್ಟ್=ಆಟೋ
    *.ಎಸ್‌ಎಚ್ ಟೆಕ್ಸ್ಟ್ ಇಒಎಲ್=ಎಲ್‌ಎಫ್

ಆಮೇಲೆ ಗಿಟ್ ಆ್ಯಡ್ --ರೀನಾರ್ಮಲೈಜ್ . ಅಂತ ಒಂದು ಸಲ ಓಡಿಸಿ ಕಮಿಟ್ ಮಾಡಿದರೆ ಹಳೇ ಫೈಲ್‌ಗಳೂ ಸರಿಹೋಗುತ್ತವೆ. ಆ ಕಮಿಟ್‌ನಲ್ಲಿ ಬೇರೆ ಏನನ್ನೂ ಸೇರಿಸಬೇಡಿ. ಸಾವಿರ ಸಾಲಿನ ಬಾಲದ ಬದಲಾವಣೆ ನಡುವೆ ಒಂದು ನಿಜವಾದ ಬದಲಾವಣೆ ಅಡಗಿದರೆ ಆಮೇಲೆ ಹುಡುಕುವವರ ಪಾಡು ಬೇಡ.

ಮೂರನೆಯದು ನನ್ನದೇ ಹೊಸ ಜಾಣತನದಿಂದ. ದಿನಕ್ಕೊಂದು ಲಾಗ್ ಇರಲಿ ಅಂತ ಕ್ರಾನ್‌ಟ್ಯಾಬ್ ಸಾಲಿನಲ್ಲಿ ತಾರೀಕು ಹಾಕಿದೆ: ಬ್ಯಾಕಪ್-$(ಡೇಟ್ +%ಎಫ್), ಎಫ್ ದೊಡ್ಡಕ್ಷರ. ಈ ಸಲ ಮೇಲರ್ ಕೆಲಸಕ್ಕೆ ಬಂತು. ಅಂಚೆಪೆಟ್ಟಿಗೆಯಲ್ಲಿ «ಎಂಡ್ ಆಫ್ ಫೈಲ್ ಅನ್‌ಎಕ್ಸ್‌ಪೆಕ್ಟೆಡ್», ಬ್ರಾಕೆಟ್ ಮುಚ್ಚಿಲ್ಲ ಅಂತ. ಮುಚ್ಚಿದ್ದೇನೆ, ಕಣ್ಣಿಗೆ ಕಾಣುತ್ತಿದೆ! ಕ್ರಾನ್‌ಟ್ಯಾಬ್‌ನ ಕೈಪಿಡಿ ತೆಗೆದರೆ ಒಂದು ಮೂಲೆಯಲ್ಲಿ ಇದೆ: ಕಮಾಂಡ್‌ನಲ್ಲಿ % ಬಂದರೆ ಅದು ಹೊಸ ಸಾಲು ಅಂತ ಅರ್ಥ. ಮೊದಲ % ತನಕ ಮಾತ್ರ ಕಮಾಂಡ್, ಉಳಿದದ್ದು ಆ ಕಮಾಂಡ್‌ಗೆ ಇನ್‌ಪುಟ್ ಆಗಿ ಹೋಗುತ್ತದೆ. ಹಿಂದೆ \ ಹಾಕಿ \% ಅಂತ ಬರೆಯಬೇಕು. ಟರ್ಮಿನಲ್‌ನಲ್ಲಿ ನೂರು ಸಲ ಓಡಿಸಿ ನೋಡಿದರೂ ಈ ತಪ್ಪು ಸಿಗುವುದಿಲ್ಲ, ಯಾಕೆಂದರೆ ಇದು ಶೆಲ್‌ನ ನಿಯಮವೇ ಅಲ್ಲ. ನಾನು \ ಹಾಕುವ ಬದಲು ತಾರೀಕಿನ ಕೆಲಸವನ್ನೇ ಸ್ಕ್ರಿಪ್ಟ್ ಒಳಗೆ ಸಾಗಿಸಿದೆ. ಕ್ರಾನ್‌ಟ್ಯಾಬ್ ಸಾಲು ಎಷ್ಟು ಪೆದ್ದಾಗಿದ್ದರೆ ಅಷ್ಟು ಒಳ್ಳೆಯದು.

ಸಂಜೆ ಹೊತ್ತಿಗೆ ಸ್ಕ್ರಿಪ್ಟ್ ಹೀಗಾಯಿತು:

    #!/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್
    ಸೆಟ್ -ಇಯುಒ ಪೈಪ್‌ಫೇಲ್
    ಪಾತ್=/ಆಪ್ಟ್/ಪಿಜಿ/ಬಿನ್:/ಯುಎಸ್‌ಆರ್/ಬಿನ್:/ಬಿನ್
    ಗುರಿ="$ಹೋಮ್/ಬ್ಯಾಕಪ್/ಲೆಕ್ಕ-$(ಡೇಟ್ +%ಎಫ್).ಜಿಝಡ್"
    ಪಿಜಿ_ಡಂಪ್ ಲೆಕ್ಕ | ಜೀಜಿಪ್ > "$ಗುರಿ.ಅರೆ"
    ಗಾತ್ರ=$(ಸ್ಟ್ಯಾಟ್ -ಸಿ %ಎಸ್ "$ಗುರಿ.ಅರೆ")
    [[ $ಗಾತ್ರ -ಜಿಟಿ 1000000 ]] || { ಎಕೋ "ತೀರಾ ಚಿಕ್ಕದು: $ಗಾತ್ರ" >&2; ಎಕ್ಸಿಟ್ 1; }
    ಎಂವಿ "$ಗುರಿ.ಅರೆ" "$ಗುರಿ"

ಅರೆ ಅನ್ನುವ ಬಾಲಕ್ಕೆ ಕಾರಣ ಇದೆ. ಬರೆಯುವಾಗ ಮಧ್ಯೆ ನಿಂತರೆ ಅರ್ಧಂಬರ್ಧ ಫೈಲ್‌ಗೆ ಪೂರ್ತಿ ಹೆಸರು ಸಿಗಬಾರದು. ಒಂದೇ ಫೈಲ್‌ಸಿಸ್ಟಂ ಒಳಗೆ ಎಂವಿ ಅಂದರೆ ಬರೀ ಹೆಸರು ಬದಲಾವಣೆ, ಒಂದೇ ಏಟಿಗೆ ಆಗುತ್ತದೆ. ಬೇರೆ ಡಿಸ್ಕ್‌ಗೆ ಎಂವಿ ಮಾಡಿದರೆ ಒಳಗೊಳಗೆ ಕಾಪಿ ನಡೆಯುತ್ತದೆ, ಆಗ ಈ ಭರವಸೆ ಇಲ್ಲ. ಗಾತ್ರದ ಗಡಿ 10 ಲಕ್ಷ ಬೈಟ್ ಅಂತ ಇಟ್ಟಿದ್ದು ನನ್ನ ಡೇಟಾಬೇಸ್ ನೋಡಿ. ನಿಮ್ಮದಕ್ಕೆ ನಿಮ್ಮ ಗಡಿ. ಕ್ರಾನ್‌ಟ್ಯಾಬ್‌ನಲ್ಲಿ ಇದರ ಮುಂದೆ ಎಫ್‌ಲಾಕ್ -ಎನ್ ಹಾಕಿದ್ದೇನೆ, ಹಿಂದಿನ ಓಟ ಮುಗಿಯದಿದ್ದರೆ ಹೊಸದು ಸುಮ್ಮನೆ ವಾಪಸ್ ಹೋಗಲಿ ಅಂತ.

ಶನಿವಾರ ರಾತ್ರಿ: ಮೊದಲು ಬಂದವನೇ ಗೆಲ್ಲುವ ಕಡೆ

ಬ್ಯಾಕಪ್ ಅನ್ನು ಇನ್ನೊಂದು ಸರ್ವರ್‌ಗೆ ಆರ್‌ಸಿಂಕ್‌ನಲ್ಲಿ ಕಾಪಿ ಮಾಡುವುದು ಬಾಕಿ ಇತ್ತು. ಅದು ಹೋಗುವುದು ಬೇರೆ ಮಷಿನ್‌ಗೆ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಮೂಲಕ. ಅದು «ಪರ್ಮಿಷನ್ ಡಿನೈಡ್» ಅಂದಿತು. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಆ ಸರ್ವರ್‌ಗೆ ಯೂಸರ್ ಸರಿಯಾಗೇ ಇದೆ. ಫೈಲ್ ನೋಡಿ ನೋಡಿ ಸಾಕಾಗಿ ಎಸ್‌ಎಸ್‌ಎಚ್ ಅನ್ನೇ ಕೇಳಿದೆ:

    ಎಸ್‌ಎಸ್‌ಎಚ್ -ಜಿ ಬ್ಯಾಕಪ್-ಸರ್ವರ್ | ಗ್ರೆಪ್ -ಐ ಯೂಸರ್

ದೊಡ್ಡಕ್ಷರದ ಜಿ. ಇದು ಕನೆಕ್ಟ್ ಆಗುವುದಿಲ್ಲ, «ಎಲ್ಲ ಫೈಲ್ ಓದಿ ಮುಗಿಸಿದ ಮೇಲೆ ನಾನು ಬಳಸುವ ಸೆಟ್ಟಿಂಗ್ ಇದು» ಅಂತ ಪಟ್ಟಿ ಕೊಡುತ್ತದೆ. ಅಲ್ಲಿ ಬೇರೆಯೇ ಯೂಸರ್ ಇತ್ತು. ಮೂಟೆ ಕಟ್ಟುವಾಗ ಎಲ್ಲ ಹೋಸ್ಟ್‌ಗೂ ಅನ್ವಯಿಸುವ «ಹೋಸ್ಟ್ *» ತುಂಡನ್ನು ಅಂದವಾಗಿ ಫೈಲ್‌ನ ತಲೆಗೆ ಇಟ್ಟಿದ್ದೆ. ಎಸ್‌ಎಸ್‌ಎಚ್‌ನಲ್ಲಿ ಮೊದಲು ಸಿಕ್ಕ ಬೆಲೆಯೇ ಗಟ್ಟಿ, ಆಮೇಲೆ ಬಂದದ್ದಕ್ಕೆ ಕಿವಿಗೊಡುವುದಿಲ್ಲ. ಗಿಟ್‌ನಲ್ಲಿ ಪೂರ್ತಿ ಉಲ್ಟಾ, ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಎರಡನ್ನೂ ದಿನಾ ಬಳಸುವ ನಮ್ಮ ತಲೆ ಕೆಡದೆ ಇನ್ನೇನಾಗುತ್ತದೆ? ಹೋಸ್ಟ್ * ಅನ್ನು ಫೈಲ್‌ನ ಬುಡಕ್ಕೆ ಇಳಿಸಿದೆ. ಸರಿಹೋಯಿತು.

ಫೈಲ್‌ನಲ್ಲಿ ಹೇಳಿದ ಕೀ ಮಾತ್ರ ತೋರಿಸು ಅಂತ ಅದೇ ಫೈಲ್‌ಗೆ ಐಡೆಂಟಿಟೀಸ್‌ಓನ್ಲಿ ಯೆಸ್ ಕೂಡ ಸೇರಿಸಿದೆ. ಕೀಗಳನ್ನು ನೆನಪಿಟ್ಟುಕೊಳ್ಳುವ ಏಜೆಂಟ್‌ನಲ್ಲಿ ಏಳೆಂಟು ಕೀ ಇದ್ದರೆ ಎಸ್‌ಎಸ್‌ಎಚ್ ಒಂದೊಂದನ್ನೇ ತೋರಿಸುತ್ತಾ ಹೋಗುತ್ತದೆ. ಸರ್ವರ್‌ನ ತಾಳ್ಮೆ ಸಾಮಾನ್ಯವಾಗಿ 6 ಪ್ರಯತ್ನ. ಸರಿಯಾದ ಕೀ ಏಳನೆಯದಾದರೆ ಬಾಗಿಲು ಮುಚ್ಚಿರುತ್ತದೆ. ಕ್ರಾನ್‌ನಲ್ಲಿ ಅಂತೂ ಏಜೆಂಟೇ ಇರುವುದಿಲ್ಲ. ಅದಕ್ಕೆ ಪಾಸ್‌ಫ್ರೇಸ್ ಇಲ್ಲದ ಬೇರೆ ಕೀ ಮಾಡಿ, ಆ ಕಡೆ ಆಥರೈಸ್ಡ್_ಕೀಸ್ ಫೈಲ್‌ನಲ್ಲಿ ಆ ಕೀಯ ಮುಂದೆ ರೆಸ್ಟ್ರಿಕ್ಟ್ ಅಂತ ಹಾಕಿದೆ. ಟನಲ್, ಫಾರ್ವರ್ಡಿಂಗ್, ಟರ್ಮಿನಲ್ ಯಾವುದೂ ಸಿಗದು.

ಭಾನುವಾರ: ಒಂದು ಸ್ಲಾಶ್ ಕಡಿಮೆ

ಇಮೇಲ್ ವಿಷಯ. ನನ್ನ ಗಿಟ್ ಕಾನ್ಫಿಗ್‌ನಲ್ಲಿ ಖಾಸಗಿ ಇಮೇಲ್ ಇದೆ. ಕೆಲಸದ ಫೋಲ್ಡರ್ ಒಳಗಿನ ರೆಪೊಸಿಟರಿಗಳಿಗೆ ಬೇರೆ ಫೈಲ್ ಓದು ಅಂತ ಇನ್‌ಕ್ಲೂಡ್‌ಇಫ್ ಹಾಕಿದ್ದೆ. 2017ರ ಗಿಟ್ 2.13ರಲ್ಲಿ ಬಂದ ಸೌಲಭ್ಯ ಇದು, ನನಗೆ ತುಂಬಾ ಇಷ್ಟ. ಈಗ ಅದು ಕೆಲಸ ಮಾಡುತ್ತಿಲ್ಲ. ಮತ್ತೆ ಫೈಲ್ ಓದುತ್ತಾ ಕೂರಲಿಲ್ಲ. ಕೆಲಸದ ರೆಪೊಸಿಟರಿಯೊಂದರ ಒಳಗೆ ನಿಂತು ಕೇಳಿದೆ:

    ಗಿಟ್ ಕಾನ್ಫಿಗ್ --ಶೋ-ಒರಿಜಿನ್ --ಗೆಟ್-ಆಲ್ ಯೂಸರ್.ಇಮೇಲ್

ಯಾವ ಬೆಲೆ ಯಾವ ಫೈಲ್‌ನಿಂದ ಬಂತು ಅಂತ ಓದಿದ ಕ್ರಮದಲ್ಲೇ ಹೇಳುತ್ತದೆ. ಎರಡು ಸಾಲು ಬರಬೇಕಿತ್ತು. ಬಂದದ್ದು ಒಂದೇ, ಖಾಸಗಿಯದು. ಅಂದರೆ ಕೆಲಸದ ಫೈಲ್‌ನ ಒಳಗೆ ತಪ್ಪಿಲ್ಲ, ಗಿಟ್ ಆ ಫೈಲ್ ತೆರೆದೇ ಇಲ್ಲ. ಹುಡುಕುವ ಜಾಗ ಒಂದು ಸಾಲಿಗೆ ಇಳಿಯಿತು:

    [ಇನ್‌ಕ್ಲೂಡ್‌ಇಫ್ "ಗಿಟ್‌ಡಿರ್:~/ಕೆಲಸ"]

ಕೆಲಸ ಅಂದಮೇಲೆ ಒಂದು ಸ್ಲಾಶ್ ಇರಬೇಕು. ಸ್ಲಾಶ್ ಇದ್ದರೆ ಗಿಟ್ ತಾನೇ ಮುಂದೆ ಎರಡು ನಕ್ಷತ್ರ ಸೇರಿಸಿಕೊಂಡು ಒಳಗಿನ ಎಲ್ಲ ಫೋಲ್ಡರ್‌ಗೂ ಹೊಂದಿಸುತ್ತದೆ. ಇಲ್ಲದಿದ್ದರೆ ಆ ಹೆಸರಿಗೆ ಮಾತ್ರ. ಹೊಸ ಮಷಿನ್‌ನಲ್ಲಿ ಫೋಲ್ಡರ್ ಹೆಸರು ಬದಲಾಯಿಸಿದಾಗ ಸ್ಲಾಶ್ ನನ್ನ ಕೈಯಲ್ಲೇ ಉದುರಿತ್ತು. ಗಿಟ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ, ಕೊಡುವಂಥ ತಪ್ಪೂ ಅದಲ್ಲ.

ಮುಂದೆ ಇದು ಮೌನವಾಗಿ ಆಗಬಾರದು ಅಂತ ಖಾಸಗಿ ಇಮೇಲ್ ಅನ್ನು ಗ್ಲೋಬಲ್ ಫೈಲ್‌ನಿಂದಲೇ ತೆಗೆದೆ. ಖಾಸಗಿಗೂ ಕೆಲಸಕ್ಕೂ ಒಂದೊಂದು ಇನ್‌ಕ್ಲೂಡ್‌ಇಫ್. ಮೇಲೆ ಯೂಸರ್.ಯೂಸ್‌ಕಾನ್ಫಿಗ್‌ಓನ್ಲಿ ಟ್ರೂ. ಇಮೇಲ್ ಸಿಗದಿದ್ದರೆ ಗಿಟ್ ಮಷಿನ್ ಹೆಸರು ಸೇರಿಸಿ ಊಹೆ ಮಾಡುವುದಿಲ್ಲ, ಕಮಿಟ್ ಮಾಡಲು ಒಪ್ಪುವುದೇ ಇಲ್ಲ. ಬೈದು ನಿಲ್ಲಿಸುವ ಗಿಟ್ ನನಗೆ ಬೇಕು.

ತಪ್ಪು ಇಮೇಲ್‌ನಲ್ಲಿ ಹೋಗಿದ್ದ ಮೂರು ಕಮಿಟ್ ಇನ್ನೂ ಸರ್ವರ್‌ಗೆ ಪುಶ್ ಆಗಿರಲಿಲ್ಲ. ಅದೃಷ್ಟ. ಅವನ್ನು ಹೀಗೆ ತಿದ್ದಿದೆ:

    ಗಿಟ್ ರೀಬೇಸ್ -ಐ ಹೆಡ್~3 --ಎಕ್ಸೆಕ್ "ಗಿಟ್ ಕಮಿಟ್ --ಅಮೆಂಡ್ --ರೀಸೆಟ್-ಆಥರ್ --ನೋ-ಎಡಿಟ್"

ಹೆಡ್ ದೊಡ್ಡಕ್ಷರದಲ್ಲಿ. ಎಡಿಟರ್ ತೆರೆಯುತ್ತದೆ, ಏನೂ ಮುಟ್ಟದೆ ಮುಚ್ಚಿ. ರೀಸೆಟ್-ಆಥರ್ ಬರೆದ ಹೊತ್ತನ್ನೂ ಈಗಿನದಕ್ಕೆ ಬದಲಾಯಿಸುತ್ತದೆ, ಅದು ಗೊತ್ತಿರಲಿ. ಪುಶ್ ಆದ ಕಮಿಟ್ ಆದರೆ ಅದರ ಹ್ಯಾಶ್, ಅಂದರೆ ಗುರುತಿನ ಸಂಖ್ಯೆ, ಬದಲಾಗಿ ಎಲ್ಲರ ಕಾಪಿ ಜೊತೆ ತಾಳೆ ತಪ್ಪುತ್ತದೆ, ನಾನಾದರೆ ಮುಟ್ಟುವುದಿಲ್ಲ.

ಗಿಟ್ ತೆರೆದಿದ್ದಾಗಲೇ ಇನ್ನೊಂದು ಹಳೇ ಕಿರಿಕಿರಿ. ನನ್ನ ಟಿಪ್ಪಣಿ ಫೈಲ್‌ಗಳ ಹೆಸರು ಕನ್ನಡದಲ್ಲಿವೆ. ಗಿಟ್ ಸ್ಟೇಟಸ್ ಕೊಟ್ಟರೆ ಹೆಸರಿನ ಬದಲು \340\262\225 ಅಂತ ಅಂಕಿಗಳ ಮೆರವಣಿಗೆ. ಅದು «ಕ». ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಪಾಯಿಂಟ್‌ಗೂ, ಅಂದರೆ ಕಂಪ್ಯೂಟರ್ ಎಣಿಸುವ ಅಕ್ಷರದ ತುಂಡಿಗೂ, 3 ಬೈಟ್, ಗಿಟ್ ಅವನ್ನು ಆಕ್ಟಲ್‌ನಲ್ಲಿ, ಎಂಟರ ಲೆಕ್ಕದ ಅಂಕಿಗಳಲ್ಲಿ, ಬರೆಯುತ್ತದೆ. ಒಂದೇ ಸಾಲಿನ ಮದ್ದು:

    ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇದರ ಜೊತೆ ಒಂದು ಲೆಕ್ಕ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಂನಲ್ಲಿ ಹೆಸರಿನ ಮಿತಿ 255 ಬೈಟ್. ಅಂದರೆ ನಮಗೆ 85 ಕೋಡ್‌ಪಾಯಿಂಟ್. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕ ಅಲ್ಲ. «ಕ್ಷ» ನೋಡಲು ಒಂದೇ, ಒಳಗೆ ಕ, ಹಲಂತ ಚಿಹ್ನೆ, ಷ ಅಂತ ಮೂರು, ಒಟ್ಟು 9 ಬೈಟ್. ಒತ್ತಕ್ಷರ ಜಾಸ್ತಿ ಇರುವ ಉದ್ದ ಹೆಸರು ಇಟ್ಟರೆ ಬೇಗ ಗೋಡೆಗೆ ತಾಗುತ್ತೀರಿ.

ಭಾನುವಾರ ಮಧ್ಯಾಹ್ನ: ಮೂರು ಸೆಕೆಂಡ್ ಎಲ್ಲಿ ಹೋಯಿತು

ಊಹೆ ಮಾಡಿ ಸಾಲು ಅಳಿಸುವ ಮೊದಲು ಅಳೆಯೋಣ ಅಂತ:

    ಟೈಮ್ ಬ್ಯಾಶ್ -ಐ -ಸಿ ಎಕ್ಸಿಟ್

2.7 ಸೆಕೆಂಡ್. ಯಾವ ಸಾಲು ತಿನ್ನುತ್ತಿದೆ ಅಂತ ತಿಳಿಯಲು ಬ್ಯಾಶ್ 5.0ರಿಂದ ಬಂದ ಈಪಾಕ್‌ರಿಯಲ್‌ಟೈಮ್ ವೇರಿಯಬಲ್ ಇದೆ, ಮೈಕ್ರೋಸೆಕೆಂಡ್ ತನಕ ಹೊತ್ತು ಹೇಳುತ್ತದೆ:

    ಪಿಎಸ್4='+ $ಈಪಾಕ್‌ರಿಯಲ್‌ಟೈಮ್ ' ಬ್ಯಾಶ್ -ಎಕ್ಸ್ -ಐ -ಸಿ ಎಕ್ಸಿಟ್ 2> ಜಾಡು

ಒಂಟಿ ಉದ್ಧರಣ ಚಿಹ್ನೆಯೇ ಬೇಕು. ಜೋಡಿ ಹಾಕಿದರೆ ಹೊತ್ತು ಒಂದೇ ಸಲ ತುಂಬಿ ಎಲ್ಲ ಸಾಲಲ್ಲೂ ಅದೇ ಬರುತ್ತದೆ. ಜಾಡು ಫೈಲ್‌ನಲ್ಲಿ ಎರಡು ಸಾಲುಗಳ ನಡುವೆ ಹೊತ್ತು ಎಲ್ಲಿ ಜಿಗಿದಿದೆ ನೋಡಿದರೆ ಕಳ್ಳ ಸಿಕ್ಕ.

ಇಬ್ಬರು ಕಳ್ಳರು. ಒಂದು, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ವರ್ಷನ್ ಮ್ಯಾನೇಜರ್. ಪ್ರತಿ ಟರ್ಮಿನಲ್‌ಗೂ ತನ್ನ ಸಾವಿರಾರು ಸಾಲಿನ ಸ್ಕ್ರಿಪ್ಟ್ ಓದಿಸುತ್ತದೆ, ನಾನು ಆ ದಿನ ನೋಡ್ ಮುಟ್ಟಲಿ ಬಿಡಲಿ. ಎರಡು, ಒಂದು ಟೂಲ್‌ನ ಟ್ಯಾಬ್ ಕಂಪ್ಲೀಷನ್, ಅಂದರೆ ಟ್ಯಾಬ್ ಒತ್ತಿದರೆ ಕಮಾಂಡ್ ಪೂರ್ತಿ ಮಾಡಿಕೊಡುವುದು. ಪ್ರತಿ ಸಲ ಟೂಲ್ ಅನ್ನೇ ಓಡಿಸಿ ಕಂಪ್ಲೀಷನ್ ಸ್ಕ್ರಿಪ್ಟ್ ಹುಟ್ಟಿಸುತ್ತಿತ್ತು.

ಎರಡನೆಯದು ಸುಲಭ. ಒಂದು ಸಲ ಫೈಲ್‌ಗೆ ಬರೆದಿಟ್ಟು ಅದನ್ನು ಸೋರ್ಸ್ ಮಾಡುವುದು. ಟೂಲ್ ಅಪ್‌ಡೇಟ್ ಆದರೆ? [[ ]] ಒಳಗೆ -ಒಟಿ ಅನ್ನುವ ಪರೀಕ್ಷೆ ಇದೆ, ಈ ಫೈಲ್ ಆ ಫೈಲ್‌ಗಿಂತ ಹಳೆಯದಾ ಅಂತ ನೋಡುತ್ತದೆ. ಟೂಲ್‌ಗಿಂತ ಹಳೆಯದಾದರೆ ಮತ್ತೆ ಹುಟ್ಟಿಸು.

ಮೊದಲನೆಯದಕ್ಕೆ ಎಲ್ಲರೂ ಮಾಡುವ ಉಪಾಯವನ್ನೇ ಮಾಡಿದೆ:

    ನೋಡ್() {
      ಅನ್‌ಸೆಟ್ -ಎಫ್ ನೋಡ್
      ಸೋರ್ಸ್ "$ಮ್ಯಾನೇಜರ್_ಡಿರ್/ಮ್ಯಾನೇಜರ್.ಎಸ್‌ಎಚ್"
      ನೋಡ್ "$@"
    }

ಕನ್ನಡದಲ್ಲಿ ಬರೆದಾಗ ಇದು ಬೈದ ಹಾಗೆ ಕೇಳಿಸುತ್ತದೆ, ಏನು ಮಾಡೋಣ. ಮೊದಲ ಸಲ ನೋಡ್ ಅಂದಾಗ ಫಂಕ್ಷನ್ ತನ್ನನ್ನೇ ಅಳಿಸಿಕೊಂಡು, ಅಸಲಿ ಸ್ಕ್ರಿಪ್ಟ್ ಓದಿಸಿ, ಅಸಲಿ ನೋಡ್ ಅನ್ನು ಕರೆಯುತ್ತದೆ. ಟರ್ಮಿನಲ್ 0.2 ಸೆಕೆಂಡ್‌ಗೆ ಇಳಿಯಿತು. ಖುಷಿಯಾಗಿ ಎಡಿಟರ್ ತೆರೆದೆ. ಅಲ್ಲಿ ಕೋಡ್‌ನ ತಪ್ಪು ಹುಡುಕುವ ಲಿಂಟರ್ ಸತ್ತಿತ್ತು, ನೋಡ್ ಸಿಗುತ್ತಿಲ್ಲವಂತೆ. ಸಿಗುವುದು ಹೇಗೆ? ಫಂಕ್ಷನ್ ಇರುವುದು ಈ ಶೆಲ್ ಒಳಗೆ ಮಾತ್ರ. ಎಡಿಟರ್ ಹುಟ್ಟಿಸುವ ಪ್ರೋಗ್ರಾಂ ಹುಡುಕುವುದು ಪಾತ್‌ನಲ್ಲಿ.

ಕೊನೆಗೆ ಫಂಕ್ಷನ್ ತೆಗೆದು, ನಾನು ದಿನಾ ಬಳಸುವ ನೋಡ್ ವರ್ಷನ್‌ನ ಬಿನ್ ಫೋಲ್ಡರ್ ಅನ್ನು ನೇರವಾಗಿ ಪಾತ್‌ಗೆ ಸೇರಿಸಿದೆ. ಸೋಮಾರಿ ಫಂಕ್ಷನ್ ಈಗ ಮ್ಯಾನೇಜರ್‌ನ ಹೆಸರಿಗೆ ಮಾತ್ರ, ವರ್ಷನ್ ಬದಲಾಯಿಸುವ ದಿನಕ್ಕೆ. ಅದು ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಇಷ್ಟರಲ್ಲಿ ಒಂದು ಅನಾಹುತ ಮಾಡಿಕೊಂಡೆ. ಬ್ಯಾಶ್‌ಆರ್‌ಸಿ ಇಲ್ಲದೆ ಶೆಲ್ ಎಷ್ಟು ಬೇಗ ತೆರೆಯುತ್ತದೆ ನೋಡೋಣ ಅಂತ ಬ್ಯಾಶ್ --ನೋಆರ್‌ಸಿ ಓಡಿಸಿ, ಎಕ್ಸಿಟ್ ಮಾಡಿ ಹೊರಬಂದೆ. ವರ್ಷಗಳಿಂದ ಕೂಡಿಟ್ಟ ಕಮಾಂಡ್ ಹಿಸ್ಟರಿ 500 ಸಾಲಿಗೆ ಕತ್ತರಿಸಿಹೋಗಿತ್ತು. ಬ್ಯಾಶ್‌ನ ಹುಟ್ಟು ಮಿತಿ 500. ಅದನ್ನು ಹಿಗ್ಗಿಸುವ ಸಾಲು ಇದ್ದದ್ದು ಬ್ಯಾಶ್‌ಆರ್‌ಸಿಯಲ್ಲಿ. ಅದನ್ನು ಓದದ ಶೆಲ್ 500ನ್ನೇ ನಂಬಿ, ಹಿಸ್ಟರಿ ಫೈಲ್ ಅನ್ನು ಆ ಅಳತೆಗೆ ಕತ್ತರಿಸಿತು. ಹಳೇ ಮಷಿನ್‌ನ ಡಿಸ್ಕ್ ಇನ್ನೂ ಅಳಿಸಿರಲಿಲ್ಲ, ಅಲ್ಲಿಂದ ತಂದೆ. ಆಮೇಲೆ ಬ್ಯಾಶ್‌ಆರ್‌ಸಿಗೆ ಇವು:

    ಹಿಸ್ಟ್‌ಫೈಲ್=~/.ಹಿಸ್ಟರಿ-ಶಾಶ್ವತ
    ಹಿಸ್ಟ್‌ಸೈಜ್=-1
    ಹಿಸ್ಟ್‌ಫೈಲ್‌ಸೈಜ್=-1
    ಶಾಪ್ಟ್ -ಎಸ್ ಹಿಸ್ಟ್‌ಅಪೆಂಡ್

-1 ಅಂದರೆ ಮಿತಿ ಇಲ್ಲ. ಕೆಲಸ ಮಾಡುವುದು ಮೊದಲ ಸಾಲು. ಫೈಲ್ ಹೆಸರೇ ಬೇರೆ ಆದಮೇಲೆ, ಬ್ಯಾಶ್‌ಆರ್‌ಸಿ ಓದದ ಶೆಲ್ ಕತ್ತರಿ ಹಿಡಿದು ಬಂದರೂ ಅದಕ್ಕೆ ಸಿಗುವುದು ಹಳೇ ಹೆಸರಿನ ಫೈಲ್ ಮಾತ್ರ. ಹಿಸ್ಟ್‌ಅಪೆಂಡ್ ಇಲ್ಲದಿದ್ದರೆ ಎರಡು ಟರ್ಮಿನಲ್ ತೆರೆದಾಗ ಕೊನೆಗೆ ಮುಚ್ಚಿದ್ದು ಮೊದಲನೆಯದರ ಹಿಸ್ಟರಿಯ ಮೇಲೆ ಬರೆದುಬಿಡುತ್ತದೆ.

ವಿಮ್ ಎಡಿಟರ್‌ನಲ್ಲಿ ಟ್ಯಾಬ್ ಅಗಲ 8 ಆಗಿದ್ದಕ್ಕೂ ಪ್ರೋಗ್ರಾಂ ಅನ್ನೇ ಕೇಳುವ ದಾರಿ: ವರ್ಬೋಸ್ ಸೆಟ್ ಟ್ಯಾಬ್‌ಸ್ಟಾಪ್? ಅಂತ ಕೇಳಿದರೆ ಕೊನೆಯದಾಗಿ ಯಾವ ಫೈಲ್ ಅದನ್ನು ಇಟ್ಟಿತು ಅಂತ ವಿಮ್ ಹೆಸರು ಹಿಡಿದು ಹೇಳುತ್ತದೆ. ಎಂಜಿನ್‌ಎಕ್ಸ್‌ಗೆ -ಟಿ ದೊಡ್ಡಕ್ಷರದಲ್ಲಿ, ಡಾಕರ್ ಕಂಪೋಸ್‌ಗೆ ಕಾನ್ಫಿಗ್, ಸಿಸ್ಟಂಡಿಗೆ ಸಿಸ್ಟಂಸಿಟಿಎಲ್ ಕ್ಯಾಟ್. ಫೈಲ್ ಓದಿ ತಲೆಯಲ್ಲೇ ಕೂಡಿಸಿ ಕಳೆಯುವುದಕ್ಕಿಂತ ಪ್ರೋಗ್ರಾಂ ಬಾಯಲ್ಲೇ ಹೇಳಿಸುವುದು ಬೇಗ. ನಾನು ಈ ಎರಡು ದಿನದಲ್ಲಿ ಹಾಳುಮಾಡಿದ ಹೊತ್ತೆಲ್ಲ ಫೈಲ್ ದಿಟ್ಟಿಸಿ ಕೂತದ್ದು.

ಸೋಮವಾರ ಬೆಳಗ್ಗೆ

ರಾತ್ರಿಯ ಫೈಲ್ 38 ಎಂಬಿ. ಗಾತ್ರ ನೋಡಿ ನಂಬುವ ಕಾಲ ಹೋಯಿತು, ಹಾಗಾಗಿ ಲೆಕ್ಕ_ಪರೀಕ್ಷೆ ಅಂತ ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ಸುರಿದೆ:

    ಝಡ್‌ಕ್ಯಾಟ್ ಲೆಕ್ಕ-*.ಜಿಝಡ್ | ಪಿಎಸ್‌ಕ್ಯೂಎಲ್ -ವಿ ಆನ್_ಎರರ್_ಸ್ಟಾಪ್=1 ಲೆಕ್ಕ_ಪರೀಕ್ಷೆ

ನಕ್ಷತ್ರ ಹಾಕಿದ್ದು ತಪ್ಪು. ಹನ್ನೊಂದು ಗಾಳಿ ಪೊಟ್ಟಣಗಳೂ ಇದರ ಜೊತೆ ಸೇರಿಕೊಂಡವು. ಖಾಲಿ ಇದ್ದದ್ದರಿಂದ ತೊಂದರೆ ಆಗಲಿಲ್ಲ, ಹಳೇ ನಿಜವಾದ ಬ್ಯಾಕಪ್ ಇದ್ದಿದ್ದರೆ ಆಗುತ್ತಿತ್ತು. ಆನ್_ಎರರ್_ಸ್ಟಾಪ್ ದೊಡ್ಡಕ್ಷರದಲ್ಲಿ. ಅದಿಲ್ಲದಿದ್ದರೆ ಪಿಎಸ್‌ಕ್ಯೂಎಲ್ ತಪ್ಪು ಬಂದರೂ ಮುಂದಕ್ಕೆ ಓಡುತ್ತಾ ಹೋಗುತ್ತದೆ. ಟೇಬಲ್‌ಗಳ ಸಾಲು ಎಣಿಸಿದೆ, ಮೂಲದ ಜೊತೆ ತಾಳೆಯಾಯಿತು.

ಆಮೇಲೆ ಪೊಟ್ಟಣಗಳನ್ನು ಗುಡಿಸಲು ಹೋದೆ. ಫೈಂಡ್‌ಗೆ -ಸೈಜ್ -1ಕೆ ಕೊಟ್ಟೆ, ಒಂದು ಕೆಬಿಗಿಂತ ಚಿಕ್ಕವು ಅಂತ. ಒಂದೂ ಬರಲಿಲ್ಲ. ಫೈಂಡ್ ಗಾತ್ರವನ್ನು ಮೇಲಕ್ಕೆ ಸರಿಹೊಂದಿಸುತ್ತದೆ, 20 ಬೈಟ್ ಅದರ ಲೆಕ್ಕದಲ್ಲಿ ಪೂರ್ತಿ 1ಕೆ. ಒಂದಕ್ಕಿಂತ ಕಡಿಮೆ ಅಂದರೆ ಸೊನ್ನೆ ಬೈಟಿನವು ಮಾತ್ರ. ಬೈಟ್‌ನಲ್ಲೇ ಕೇಳಬೇಕು:

    ಫೈಂಡ್ ~/ಬ್ಯಾಕಪ್ -ಟೈಪ್ ಎಫ್ -ಸೈಜ್ -100ಸಿ -ಪ್ರಿಂಟ್

ಹನ್ನೊಂದು ಹೆಸರು ಬಂದವು. ಎಣಿಸಿ, ಆಮೇಲೆ ಪ್ರಿಂಟ್ ಜಾಗದಲ್ಲಿ ಡಿಲೀಟ್ ಬರೆದೆ.